ಒಣ ಅರಿವೆಯ ಕೀರ್ತಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಕಪ್ಪು ಸೆಡಾನ್ ಇದೆ. ವಯಸ್ಸು ಒಂಬತ್ತು. ಕೀರ್ತಿ ಮೂರು ಬ್ಲಾಕಿಗೂ ಹಬ್ಬಿದೆ. ಹೊಸದಾಗಿ ಕಾರು ಕೊಂಡವರಿಗೆಲ್ಲ ಅಸೋಸಿಯೇಷನ್ನಿನ ಹಿರಿಯರು ಕೈಮಾಡಿ ತೋರಿಸುವುದು ಅದನ್ನೇ: ‘ಗಾಡಿ ಇಟ್ಟರೆ ಹಾಗೆ ಇಡಬೇಕು. ಒಂಬತ್ತು ವರ್ಷದಲ್ಲಿ ಒರೆಸದೆ ಬಿಟ್ಟ ದಿನ ಒಂದಿಲ್ಲ.’ ಸೆಲ್ಲಾರಿನ ಟ್ಯೂಬ್‌ಲೈಟಿನ ಕೆಳಗೆ ಅದು ಕನ್ನಡಿಯ ಹಾಗೆ ಹೊಳೆಯುವುದು ನಿಜ. ನಾನೂ ಮೆಚ್ಚಿದವನೇ.

ಕಳೆದ ಡಿಸೆಂಬರಿನಲ್ಲಿ ಸೆಲ್ಲಾರಿಗೆ ಸುಣ್ಣ ಹೊಡೆಯಲೆಂದು ಎಲ್ಲ ಕಾರುಗಳನ್ನೂ ಹೊರಗೆ ನಿಲ್ಲಿಸಿದರು. ನಡುಮಧ್ಯಾಹ್ನ. ಕಪ್ಪು ಬಾನೆಟ್ಟಿನ ಮೇಲೆ ಸೂರ್ಯ ಬಿದ್ದಿದ್ದ, ಅವನ ಸುತ್ತ ಜೇಡ ಬಲೆ ಕಟ್ಟಿತ್ತು. ಸಾವಿರಾರು ಕೂದಲೆಳೆ ಗೀರುಗಳು, ಒಂದರ ಹೊರಗೊಂದು ಬಳೆ ಜೋಡಿಸಿದಂತೆ. ಕಪ್ಪು ಕಪ್ಪಾಗಿ ಉಳಿದಿರಲಿಲ್ಲ; ಡಸ್ಟರಿನಿಂದ ಒರೆಸಿಬಿಟ್ಟ ಹಲಗೆಯ ಬೂದು ಅದು. ಪಕ್ಕದಲ್ಲೇ ಇನ್ನೊಂದು ಕಪ್ಪು ಕಾರಿತ್ತು, ಹೆಚ್ಚುಕಡಿಮೆ ಅದೇ ವಯಸ್ಸಿನದು, ತಿಂಗಳಿಗೊಮ್ಮೆ ನೀರು ಕಂಡರೆ ಪುಣ್ಯ ಎಂಬಂಥದು. ಮಕ್ಕಳು ಅದರ ಹಿಂದಿನ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆದಿದ್ದರು. ಕುತೂಹಲಕ್ಕೆ ಅದರ ಬಾನೆಟ್ಟಿನ ಮೇಲೆ ಒಂದು ಚೊಂಬು ನೀರು ಸುರಿದೆ. ಧೂಳು ಇಳಿದ ಜಾಗದಲ್ಲಿ ಬಣ್ಣ ಶೋರೂಮಿನಿಂದ ಬಂದಂತಿತ್ತು.

ಈ ಬರಹದ ತೀರ್ಪು ಅಲ್ಲೇ ಆಗಿಹೋಯಿತು. ಆಮೇಲೆ ನಾನು ಮಾಡಿದ್ದು ಕಾರಣ ಹುಡುಕುವ ಕೆಲಸ ಮಾತ್ರ.

ಹುಡುಕಾಟ ನಮ್ಮ ಬಡಾವಣೆಯಿಂದಲೇ ಶುರುವಾಯಿತು, ಹೈದರಾಬಾದಿನ ಸನತ್‌ನಗರದಿಂದ. ಆ ಹೆಸರು ಕೇಳಿದರೆ ಕನ್ನಡ ಸೀಮೆಯ ನಮ್ಮ ಕಡೆಯವರಿಗೆ ಸನತ್ಕುಮಾರ ನೆನಪಾಗುತ್ತಾನೆ. ಹೆಸರು ಸಂಸ್ಕೃತದ್ದಲ್ಲ, ಉರ್ದುವಿನದು. ಸನ್‌ಅತ್ ಎಂದರೆ ಕೈಗಾರಿಕೆ. 1942ರಲ್ಲಿ ಶುರುವಾದ ಹೈದರಾಬಾದ್ ಆಲ್ವಿನ್ ಇಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟಿತು, ಮುಂದೆ ಫ್ರಿಜ್ಜು ಮಾಡಿತು, ಕೈಗಡಿಯಾರಕ್ಕೂ ಕೈಹಾಕಿತು. ಬೀದರ್, ಕಲಬುರಗಿಯ ಎಷ್ಟೋ ಮನೆಗಳಿಗೆ ಬಂದ ಮೊದಲ ಫ್ರಿಜ್ಜಿನ ಮೇಲಿದ್ದದ್ದು ಆ ಹೆಸರೇ. ಬಸ್ಸಿನ ಮಾತನ್ನು ಸುಮ್ಮನೆ ತೆಗೆಯಲಿಲ್ಲ. ಆ ಕಾಲದ ಬಸ್ಸು, ಲಾರಿ, ಅಂಬಾಸಿಡರುಗಳಿಗೆ ಬಳಿಯುತ್ತಿದ್ದ ಬಣ್ಣದ ಮೇಲೆ ಬೇರೆ ಪಾರದರ್ಶಕ ಪದರ ಇರುತ್ತಿರಲಿಲ್ಲ. ಬಣ್ಣವೇ ಹೊಳಪು, ಬಣ್ಣವೇ ಕವಚ. ಬಿಸಿಲಿಗೆ ಅದರ ಮೇಲ್ಮೈ ಸೀಮೆಸುಣ್ಣದ ಪುಡಿಯಂತಾಗುತ್ತಿತ್ತು. ಅರಿವೆಯಿಂದ ತಿಕ್ಕಿದರೆ ಆ ಸತ್ತ ಪುಡಿ ಹೋಗಿ ಒಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು, ಅರಿವೆಗೂ ಕಾರಿನ ಬಣ್ಣವೇ ಹತ್ತುತ್ತಿತ್ತು. ಒರೆಸಿದರೆ ಹೊಳೆಯುತ್ತದೆ ಎಂಬ ಮಾತು ಆಗ ಸುಳ್ಳಾಗಿರಲಿಲ್ಲ. ಹಳೆಯ ಡ್ರೈವರುಗಳು ಹಳದಿ ಬಟ್ಟೆ ಹಿಡಿದು ಗಂಟೆಗಟ್ಟಲೆ ತಿಕ್ಕುತ್ತಿದ್ದದ್ದಕ್ಕೆ ಅರ್ಥವಿತ್ತು.

ಬಣ್ಣ ಬದಲಾಯಿತು, ಅರಿವೆ ಬದಲಾಗಲಿಲ್ಲ. ಇಂದಿನ ಕಾರಿನ ತಗಡಿನ ಮೇಲೆ ಪ್ರೈಮರಿನಿಂದ ಹಿಡಿದು ಎಲ್ಲ ಪದರ ಸೇರಿಸಿದರೆ ನೂರರಿಂದ ನೂರೈವತ್ತು ಮೈಕ್ರಾನ್ ಆದೀತು. ಅದರಲ್ಲಿ ಕಟ್ಟಕಡೆಯ ಕ್ಲಿಯರ್‌ಕೋಟ್ ನಲವತ್ತರ ಆಸುಪಾಸು. ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಅದು ಗಾಜಲ್ಲ, ಗಟ್ಟಿಯಾದ ಅಂಟು. ಹೊಳಪೂ ಅದರಲ್ಲೇ, ಬಿಸಿಲು ತಡೆಯುವ ಔಷಧವೂ ಅದರಲ್ಲೇ. ತಿಕ್ಕಿದರೆ ಕೆಳಗಿನಿಂದ ಹೊಸ ಕ್ಲಿಯರ್‌ಕೋಟ್ ಏಳುವುದಿಲ್ಲ. ಪಾಲಿಶ್ ಹೊಡೆಸಿ ಗೀರು ತೆಗೆಸುತ್ತೇವೆ ಎನ್ನುವವರು, ಗೀರಿನ ತಳದವರೆಗೂ ಸುತ್ತಲಿನ ಪದರವನ್ನೇ ಹೆರೆಸುತ್ತಿದ್ದೇವೆ ಎಂದು ತಿಳಿದಿದ್ದರೆ ಒಳ್ಳೆಯದು.

ಇಲ್ಲಿಯ ಧೂಳಿನ ಬಗ್ಗೆಯೂ ಎರಡು ಮಾತು. ನಾನು ಬಂದದ್ದು ವಾಡಿಯ ರೈಲಿನಲ್ಲಿ, 1874ರಷ್ಟು ಹಳೆಯ ಹಳಿ. ಆ ದಾರಿ ಶಹಾಬಾದಿ ಕಲ್ಲಿನ ಸೀಮೆಯಲ್ಲಿ ಹೊರಟು ಸೇಡಂ, ತಾಂಡೂರು ದಾಟಿ, ಲಿಂಗಂಪಲ್ಲಿಯ ಹೊತ್ತಿಗೆ ಗ್ರಾನೈಟಿನ ಬಂಡೆಗಳ ನಡುವೆ ನುಗ್ಗುತ್ತದೆ, ಸನತ್‌ನಗರ ಸ್ಟೇಷನ್ನು ಅದರ ಮುಂದೆ. ಶಹಾಬಾದಿ ಎಂಬ ನಮ್ಮೂರ ಆ ಸುಣ್ಣಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್, ಮೋಸ್ ಗಡಸುತನದಲ್ಲಿ 3. ಗ್ರಾನೈಟಿನೊಳಗಿನ ಕ್ವಾರ್ಟ್ಜ್ 7. ಗಾಜೂ ಐದೂವರೆಯಲ್ಲೇ ನಿಂತುಬಿಡುತ್ತದೆ. ಊರ ಧೂಳು ಸಾಧುವೆಂದು ಹೇಳುತ್ತಿಲ್ಲ, ಆದರೆ ಹೈದರಾಬಾದಿನ ಧೂಳಿನಲ್ಲಿ ಹರಳಿದೆ. ಫತೇನಗರ ಸೇತುವೆಯ ಮೇಲೆ ಒಂದು ಸಂಜೆ ಟ್ರಾಫಿಕ್ಕಿನಲ್ಲಿ ನಿಂತು ಮನೆಗೆ ಬಂದ ಕಾರಿನ ಮೈಮೇಲೆ ಇರುವುದು ಪುಡಿಯಲ್ಲ, ಉಪ್ಪುಕಾಗದ. ಅದರ ಮೇಲೆ ಒಣ ಅರಿವೆ ಎಳೆಯುವುದಕ್ಕೆ ಇಲ್ಲಿಯ ದಖನಿಯಲ್ಲಿ ‘ಕಪಡಾ ಮಾರ್ನಾ’ ಎನ್ನುತ್ತಾರೆ, ಬಟ್ಟೆ ಹೊಡೆಯುವುದು. ಆ ಕ್ರಿಯಾಪದಕ್ಕಿಂತ ನಿಷ್ಠುರವಾದ ವಿಮರ್ಶೆಯನ್ನು ನಾನು ಬರೆಯಲಾರೆ.

ಬೆಳಿಗ್ಗೆ ಐದೂವರೆಗೆ ಹುಡುಗ ಬರುತ್ತಾನೆ. ಅರ್ಧ ಬಕೆಟ್ ನೀರು, ಎರಡು ಅರಿವೆ. ಮೊದಲ ಅರಿವೆಯಿಂದ ಒಣಗಿದ ಧೂಳನ್ನು ಝಾಡಿಸುತ್ತಾನೆ. ಎರಡನೆಯದನ್ನು ಅದ್ದಿ, ಹಿಂಡಿ, ಬಾನೆಟ್, ಛಾವಣಿ, ಬಾಗಿಲು, ಕೊನೆಗೆ ಚಕ್ರದ ಮೇಲಿನ ಕೆಸರು ಎಲ್ಲ ಅದರಲ್ಲೇ. ಅದೇ ಅರಿವೆ, ಅದೇ ನೀರು, ಮುಂದಿನ ಕಾರು. ಏಳು ಗಂಟೆಗೆ ಹದಿನೆಂಟು ಕಾರು ಮುಗಿಯುತ್ತವೆ. ಕಾರಿಗೆ ತಿಂಗಳಿಗೆ ಆರೇಳು ನೂರು ರೂಪಾಯಿ. ನಿಮ್ಮ ಬಾಗಿಲ ಮೇಲೆ ಪಕ್ಕದ ಮನೆಯವರು ಸಂಗಾರೆಡ್ಡಿಯಿಂದ ತಂದ ಮಣ್ಣೂ ಇರುತ್ತದೆ.

ನಾನು ನಿಂತು ನೋಡಿದ್ದು ಒಂದೇ ಗಳಿಗೆಯನ್ನು: ಅರಿವೆ ಬಕೆಟ್ಟಿಗೆ ಮರಳುವ ಗಳಿಗೆ. ಮೊದಲ ಸಲ ಕಾರಿಗೆ ತಗಲುವಾಗ ಅರಿವೆ ಬರಿಗೈ, ಅದರಲ್ಲಿ ದೋಷವಿಲ್ಲ. ಒಂದು ಬಾಗಿಲು ಒರೆಸಿ ಅದು ನೀರಿಗಿಳಿದಾಗ ಅದರ ನೂಲಿನ ನಡುವೆ ಹರಳು ಸಿಕ್ಕಿರುತ್ತದೆ. ಕೈ ಹಿಂಡುತ್ತದೆ. ಹಿಂಡಿದರೆ ನೀರು ಹೋಗುತ್ತದೆ, ಹರಳು ಹೋಗುವುದಿಲ್ಲ. ನೂಲುಗಳು ಬಿಗಿದು ಅದನ್ನು ಇನ್ನಷ್ಟು ಭದ್ರವಾಗಿ ಹಿಡಿಯುತ್ತವೆ. ಬಿಟ್ಟುಹೋದ ಹರಳುಗಳೋ, ಬಕೆಟ್ಟಿನಲ್ಲಿ ತೇಲುತ್ತ ಅರಿವೆಯ ಮುಂದಿನ ಬರವಿಗೆ ಕಾಯುತ್ತವೆ. ಮತ್ತೆ ಬಾಗಿಲಿಗೆ ತಗಲಿದ ಅರಿವೆ ಮೊದಲಿನದಲ್ಲ, ಅದು ಹತ್ಯಾರ. ಕಾರಿನ ಬಣ್ಣ ಹಾಳಾಗುವ ಇಡೀ ಕಥೆ ಈ ಎರಡನೆಯ ಸ್ಪರ್ಶದಲ್ಲಿದೆ.

ಇಲ್ಲಿ ಡೀಟೇಲಿಂಗ್ ಪಂಡಿತರು, ಅಂದರೆ ಕಾರು ತೊಳೆದು ಮೆರುಗು ಕೊಡುವುದನ್ನೇ ವಿದ್ಯೆ ಮಾಡಿಕೊಂಡವರು, ಎದ್ದು ನಿಲ್ಲುತ್ತಾರೆ. ಅದಕ್ಕೇ ಎರಡು ಬಕೆಟ್, ಎನ್ನುತ್ತಾರೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ತೊಳೆಯುವ ಕೈಗವಸು ಕೊಳೆಯಾದಾಗ ಅದನ್ನು ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂವಿಗೆ ಅದ್ದು. ಎರಡರ ತಳದಲ್ಲೂ ಜಾಲರಿ ಇಡು, ಮರಳು ಅದರ ಕೆಳಗಿಳಿದು ಮೇಲೆ ಬಾರದು. ಈ ಎರಡು ಬಕೆಟ್ಟಿನ ಪದ್ಧತಿಗೆ ಇವತ್ತು ವೇದದ ಮಾನ್ಯತೆ ಇದೆ. ಪ್ರಶ್ನಿಸಿದರೆ ನೀವು ಕಾರು ತೊಳೆಯಲು ಅನರ್ಹರು.

ಪ್ರಶ್ನಿಸಿಯೇ ಬಿಡೋಣ. ಮರಳು ತಳಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು? ಇದನ್ನು ಸ್ಟೋಕ್ಸನ ನಿಯಮದಿಂದ ಲೆಕ್ಕ ಹಾಕಬಹುದು, ಪಿಯುಸಿ ಭೌತಶಾಸ್ತ್ರ ಸಾಕು. ನೂರು ಮೈಕ್ರಾನಿನ ಕ್ವಾರ್ಟ್ಜ್ ಹರಳು ನಿಂತ ನೀರಿನಲ್ಲಿ ಇಪ್ಪತ್ತೈದು ಸೆಂಟಿಮೀಟರ್ ಇಳಿಯಲು ಸುಮಾರು ಅರ್ಧ ನಿಮಿಷ. ಸರಿ, ಜಾಲರಿಗೆ ಗೆಲುವು. ಐವತ್ತು ಮೈಕ್ರಾನಿನದಕ್ಕೆ ಸುಮಾರು ಎರಡು ನಿಮಿಷ. ಹತ್ತು ಮೈಕ್ರಾನಿನದಕ್ಕೆ ಮುಕ್ಕಾಲು ಗಂಟೆ. ನೆನಪಿಡಿ, ನಿಂತ ನೀರಿನಲ್ಲಿ. ತೊಳೆಯುವವನ ಕೈ ನಿಮಿಷಕ್ಕೊಮ್ಮೆ ಬಕೆಟ್ಟಿಗಿಳಿದು ಕಡೆದರೆ ಆ ನೀರು ನಿಲ್ಲುವುದು ಯಾವಾಗ? ಜಾಲರಿ ಹಿಡಿಯುವುದು ದಪ್ಪ ಹರಳನ್ನು. ಅಂಥ ಹರಳು ಮೊದಲ ನೀರು ಹಾಯಿಸಿದಾಗಲೇ ಉದುರಿಹೋಗಿರಬೇಕಿತ್ತು. ಕಣ್ಣಿಗೆ ಕಾಣದ, ಬಣ್ಣಕ್ಕೆ ಮಂಜು ಕವಿಸುವ ಸಣ್ಣ ಹರಳು ಎರಡೂ ಬಕೆಟ್ಟಿನಲ್ಲಿ ನೆಮ್ಮದಿಯಾಗಿ ಈಜುತ್ತಿರುತ್ತದೆ. ಒಂದು ಬಕೆಟ್ಟಿಗಿಂತ ಎರಡು ಮೇಲು, ಒಪ್ಪಿದೆ. ಆದರೆ ಅದು ರೋಗದ ಮದ್ದಲ್ಲ, ರೋಗಿಯನ್ನು ಪಕ್ಕದ ಮಂಚಕ್ಕೆ ಮಲಗಿಸಿದ್ದು.

ಹೀಗೆ ಹೇಳಲು ನನಗೆ ಹಕ್ಕಿದೆ. ಎರಡು ಬಕೆಟ್ಟು, ಎರಡು ಜಾಲರಿ, ಕುರಿಯ ಉಣ್ಣೆಯಂಥ ಕೈಗವಸು ಎಲ್ಲ ಕೊಂಡು ಶ್ರದ್ಧೆಯಿಂದ ತೊಳೆದೇ ನನ್ನ ಕೆಂಪು ಕಾರಿನ ಎಡಬಾಗಿಲನ್ನು ನಾನೇ ಗೀರಿದವನು. ಕೆಳಗಿನ ಅಂಚಿನ ಕೆಸರು ಒರೆಸಿದ ಕೈಗವಸನ್ನು ಶಾಸ್ತ್ರೋಕ್ತವಾಗಿ ಜಾಲಿಸಿ ಮೇಲಕ್ಕೆ ಒಯ್ದೆ. ಶಾಸ್ತ್ರ ಉಳಿಯಿತು, ಬಾಗಿಲು ಹೋಯಿತು.

ಪಂಡಿತರ ಎರಡನೆಯ ಸಿದ್ಧಾಂತ ಇನ್ನೂ ರುಚಿಕರ. ‘ಸುತ್ತಿ ಸುತ್ತಿ ಉಜ್ಜುವುದರಿಂದ ಸುತ್ತು ಗೀರು ಬೀಳುತ್ತದೆ, ನೇರ ಗೆರೆಯಲ್ಲಿ ಉಜ್ಜಿ.’ ಇದನ್ನು ನಂಬುವ ಮುನ್ನ ಅಡಿಗೆಮನೆಗೆ ಹೋಗಿ ಹತ್ತು ವರ್ಷ ಬಳಸಿದ ಸ್ಟೀಲ್ ತಟ್ಟೆಯೊಂದನ್ನು ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಬಿಂಬದ ಸುತ್ತ ಬಳೆಬಳೆ ಗೀರು ಕಾಣುತ್ತವೆ. ತಟ್ಟೆಯನ್ನು ಅಲ್ಲೇ ಇಟ್ಟು ತಲೆಯನ್ನು ಅತ್ತ ಸರಿಸಿ. ಬಳೆಗಳೂ ಬಿಂಬದ ಜೊತೆ ಅತ್ತ ಸರಿಯುತ್ತವೆ! ತಟ್ಟೆಯ ಮೇಲೆ ಕೆತ್ತಿದ ವೃತ್ತವಾಗಿದ್ದರೆ ನಿಮ್ಮ ತಲೆಯ ಜೊತೆ ಓಡಾಡುತ್ತಿತ್ತೆ? ಅಲ್ಲಿರುವುದು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗಿ ಬಿದ್ದ ಗೀರುಗಳು. ಅವುಗಳಲ್ಲಿ ಬೆಳಕಿನ ದಾರಿಗೆ ಅಡ್ಡ ಮಲಗಿದವು ಮಾತ್ರ ಮಿನುಗಿ ಕಣ್ಣಿಗೆ ಬೀಳುತ್ತವೆ, ಉಳಿದವು ಅಡಗುತ್ತವೆ. ಅಡ್ಡ ಮಲಗಿದವನ್ನಷ್ಟೇ ಜೋಡಿಸಿದರೆ ಕಣ್ಣಿಗೆ ವೃತ್ತ ಕಾಣುತ್ತದೆ. ಬಾನೆಟ್ಟಿನ ಜೇಡನ ಬಲೆಯೂ ಇದೇ. ಹುಡುಗನ ಕೈ ಸುತ್ತಿದ್ದಕ್ಕೆ ಬಿದ್ದ ಸುತ್ತಲ್ಲ ಅದು.

ಹಾಗಾದರೆ ನೇರ ಉಜ್ಜಿದರೆ ಏನು ಲಾಭ? ಗೀರುಗಳೆಲ್ಲ ಒಂದೇ ದಿಕ್ಕಿಗೆ ಮಲಗುತ್ತವೆ, ಹಲವು ಕೋನಗಳಿಂದ ನೋಡಿದಾಗ ಕಾಣುವುದಿಲ್ಲ. ಒಂದು ಕೋನಕ್ಕೆ ಬಂದಾಗ ಎಲ್ಲ ಒಟ್ಟಿಗೆ ಕಾಣುತ್ತವೆ. ಅಂದರೆ ಇದು ಗೀರು ತಪ್ಪಿಸುವ ವಿದ್ಯೆಯಲ್ಲ, ಬಚ್ಚಿಡುವ ವಿದ್ಯೆ. ನೇರ ಉಜ್ಜಿದರೆ ಕೆಡುಕೇನೂ ಇಲ್ಲ, ನಾನೂ ಹಾಗೇ ಉಜ್ಜುತ್ತೇನೆ. ಆದರೆ ಹರಳಿರುವ ಅರಿವೆಗೆ ದಿಕ್ಕು ಹೇಳಿಕೊಟ್ಟು ಧರ್ಮ ಸ್ಥಾಪಿಸಿದೆವು ಎಂದುಕೊಳ್ಳುವುದು ಬೇಡ.

ನೊರೆಯ ಬಗ್ಗೆ ಚಿಕ್ಕದಾಗಿ ಮುಗಿಸುತ್ತೇನೆ. ಗನ್ನಿನಿಂದ ಬಿಳಿ ನೊರೆ ಹಾರಿಸಿ ಕಾರನ್ನು ಮದುವೆಯ ಕೇಕು ಮಾಡುವುದು ನೋಡಲು ಚಂದ. ಒಣ ಕೊಳೆ ನೆನೆಯಲು ಅದು ಕೊಂಚ ನೆರವಾಗುತ್ತದೆ, ಅಂಟಿಕೊಂಡದ್ದನ್ನು ತಾನೇ ಕಿತ್ತು ತರುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ಬಣ್ಣವೇ ಕಿತ್ತುಬರುತ್ತದೆ ಎಂಬ ಹೆದರಿಕೆ ಅತಿರೇಕ. ಅದು ವ್ಯಾಕ್ಸನ್ನು ತೆಗೆಯುತ್ತದೆ, ಬೆಂದು ಗಟ್ಟಿಯಾದ ಕ್ಲಿಯರ್‌ಕೋಟನ್ನು ಮುಟ್ಟುವುದಿಲ್ಲ. ಬಟ್ಟೆ ಒಗೆಯುವ ಪೌಡರ್ ಮಾತ್ರ ಬೇಡವೇ ಬೇಡ. ಕರಗದೆ ಉಳಿದ ಕಾಳು ಅರಿವೆಯಲ್ಲಿ ಸಿಕ್ಕರೆ ಅದೂ ಮರಳೇ. ಕಾರಿಗೆಂದೇ ಮಾಡಿದ ಶಾಂಪೂವಿನ ನಿಜವಾದ ಗುಣ ಅದರ ಪಿಎಚ್ ಅಲ್ಲ, ಜಾರಿಕೆ. ಹರಳು ಮತ್ತು ಬಣ್ಣದ ನಡುವೆ ಜಾರುವ ಪದರವೊಂದಿದ್ದರೆ ಹರಳು ಉರುಳಿ ಹೋದೀತು, ಉತ್ತು ಹೋಗಲಾರದು.

ಇನ್ನು ಇನ್ನೊಂದು ಪಂಗಡ, ನೀರುಳಿಸುವವರು. ಇವರ ಜೊತೆ ಜಗಳವಾಡಲು ಮನಸ್ಸು ಬರುವುದಿಲ್ಲ, ಅವರ ಮಾತಿನಲ್ಲಿ ನ್ಯಾಯವಿದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹೈದರಾಬಾದಿನ ನಲ್ಲಿಗೆ ಬರುವ ಮಂಜೀರಾ ನೀರು ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬಂದದ್ದು. ಅದನ್ನು ಪೈಪು ಹಿಡಿದು ಟೈರಿಗೆ ಸುರಿಯುವುದನ್ನು ನೋಡಿದರೆ ಆ ಕಡೆಯವನಾದ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಈ ನ್ಯಾಯದ ಮಾತನ್ನು ಒಣ ಅರಿವೆಯ ಪರವಾಗಿ ವಾದಿಸಲು ಬಳಸುತ್ತಾರಲ್ಲ, ಅಲ್ಲಿ ನನ್ನ ತಕರಾರು. ಕಾರಿಗೆ ದಿನಕ್ಕೆ ಏಳು ಲೀಟರಿನ ಅರ್ಧ ಬಕೆಟ್ ಎಂದರೆ ತಿಂಗಳಿಗೆ ಇನ್ನೂರ ಹತ್ತು ಲೀಟರ್. ವಾರಕ್ಕೊಮ್ಮೆ ನಲವತ್ತು ಲೀಟರಿನಲ್ಲಿ ಕ್ರಮವಾಗಿ ತೊಳೆದರೆ ನೂರ ಅರವತ್ತು. ಅರ್ಧ ಬಕೆಟ್ಟನ್ನು ಹತ್ತು ಕಾರಿಗೆ ಹಂಚಿದರೆ ಕಡಿಮೆಯಾಗುತ್ತದಲ್ಲ ಎಂದರೆ, ಆಗುತ್ತದೆ. ಆಗ ಅದು ನೀರಲ್ಲ, ಹತ್ತು ಕಾರಿನ ಕೆಸರಿನ ಸಾರು. ಬೋರಿನ ನೀರು ಸಾಲದೆ? ಸಾಕು, ಒಣಗಲು ಬಿಡದಿದ್ದರೆ. ಬಂಡೆಯೊಳಗಿನ ಗಡಸು ನೀರು ಬಿಸಿ ತಗಡಿನ ಮೇಲೆ ಆರಿದರೆ ಹನಿಹನಿಗೂ ಸುಣ್ಣದ ಉಂಗುರ ಉಳಿಯುತ್ತದೆ.

ದಿನಾ ಒರೆಸುವುದರ ಪರವಾಗಿಯೂ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಹಕ್ಕಿಯ ಹಿಕ್ಕೆ ಅದೇ ದಿನ ಹೋಗುತ್ತದೆ, ಬಿಸಿಲಿಗೆ ಅದು ಕ್ಲಿಯರ್‌ಕೋಟನ್ನು ಕಚ್ಚುವ ಮುನ್ನ. ಟೈರಿನ ಗಾಳಿ ಇಳಿದದ್ದು ಯಾರದೋ ಕಣ್ಣಿಗೆ ಬೀಳುತ್ತದೆ. ಒಂದು ಸಂಸಾರ ನಡೆಯುತ್ತದೆ. ಬಿಳಿ ಕಾರಾದರೆ ಗೀರು ಕಾಣುವುದೂ ಇಲ್ಲ. ಇಷ್ಟೆ.

ಹಾಗಾದರೆ ತೊಳೆಯುವುದು ಹೇಗೆ? ನನ್ನ ಈಗಿನ ಪದ್ಧತಿಯಲ್ಲಿ ಮೊದಲ ಅರ್ಧ ಕೆಲಸಕ್ಕೆ ಅರಿವೆಯೇ ಇಲ್ಲ. ಬಿಸಿಲೇರುವ ಮುನ್ನ ಕಾರು ತಣ್ಣಗಿರುವಾಗ ಮೇಲಿನಿಂದ ಕೆಳಗೆ ನೀರು ಹಾಯಿಸಿ ಐದು ನಿಮಿಷ ಬಿಡುತ್ತೇನೆ, ಮತ್ತೆ ಹಾಯಿಸುತ್ತೇನೆ. ಗಿಡಕ್ಕೆ ನೀರುಣಿಸುವ ಝಾರಿ ಸಾಕು, ಅದರ ಸೋನೆ ಮೆಲ್ಲಗೆ ಹರಿಯುತ್ತದೆ. ಕೆಸರು ತಾನಾಗಿ ಇಳಿಯುವಷ್ಟು ಇಳಿಯಲಿ, ಅವಸರ ಬೇಡ. ಆಮೇಲೆ ಒಂದೇ ಬಕೆಟ್ಟಿನ ಶಾಂಪೂ ನೀರಿನಲ್ಲಿ ಎಂಟು ಮೈಕ್ರೋಫೈಬರ್ ಅರಿವೆಗಳನ್ನು ನೆನೆಹಾಕುತ್ತೇನೆ. ಒಂದನ್ನು ತೆಗೆದು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ. ಒಂದು ಮುಖಕ್ಕೆ ಒಂದು ಜಾಗ, ಒಂದೇ ಎಳೆತ, ಒತ್ತದೆ. ಮುಖಗಳು ಮುಗಿದ ಅರಿವೆ ಬಕೆಟ್ಟಿಗೆ ಮರಳುವುದಿಲ್ಲ, ಪಕ್ಕದ ತೊಟ್ಟಿಗೆ ಬೀಳುತ್ತದೆ. ಛಾವಣಿ ಮೊದಲು, ಬಾಗಿಲ ಕೆಳ ಅಂಚು ಕೊನೆಗೆ. ಚಕ್ರಕ್ಕೆ ಬೇರೆ ಹಳೆಯ ಅರಿವೆ. ಅದು ಬಣ್ಣದ ಮುಖ ನೋಡಕೂಡದು. ನೆಲಕ್ಕೆ ಬಿದ್ದ ಅರಿವೆ ಆ ದಿನದ ಮಟ್ಟಿಗೆ ಸತ್ತಿತು. ಒಣಗಿಸುವಾಗ ದೊಡ್ಡ ಟವೆಲ್ಲನ್ನು ಹಾಸಿ, ತಟ್ಟಿ, ಎತ್ತುತ್ತೇನೆ. ಎಳೆಯುವುದಿಲ್ಲ.

ಇದು ನನ್ನ ಆವಿಷ್ಕಾರವಲ್ಲ, ಬಲ್ಲವರು ಬಹಳ ದಿನದಿಂದ ಮಾಡುತ್ತಿದ್ದಾರೆ. ಕೀರ್ತಿ ಮಾತ್ರ ಇದಕ್ಕೆ ಬರಲಿಲ್ಲ, ಏಕೆಂದರೆ ಇದರಲ್ಲಿ ಮಾರಲು ಏನೂ ಇಲ್ಲ. ಜಾಲರಿಗೆ ಬೆಲೆ ಇದೆ, ನೊರೆಯ ಗನ್ನಿಗೆ ಬೆಲೆ ಇದೆ. ಅರಿವೆಯನ್ನು ಬಕೆಟ್ಟಿಗೆ ಮರಳಿ ಹಾಕದೆ ಇರುವುದನ್ನು ಯಾರು ಪ್ಯಾಕೆಟ್ಟಿನಲ್ಲಿ ಕಟ್ಟಿ ಮಾರುತ್ತಾರೆ?

ಕಪ್ಪು ಸೆಡಾನಿನ ಒಡೆಯರಿಗೆ ನಾನು ಏನೂ ಹೇಳಿಲ್ಲ, ಅವರು ಈ ಬರಹ ಓದುವುದೂ ಇಲ್ಲ. ಹುಡುಗನ ಜೊತೆ ಮಾತಾಡಿದೆ. ಅವನು ನಕ್ಕು, ತನಗಿದು ಗೊತ್ತಿದೆ ಎಂದ; ಆದರೆ ಒಂದು ದಿನ ಒರೆಸದಿದ್ದರೆ ತಿಂಗಳ ಕೊನೆಗೆ ಹಣ ಹಿಡಿಯುತ್ತಾರಂತೆ. ತಪ್ಪು ಅವನ ಕೈಯಲ್ಲಿಲ್ಲ, ನಮ್ಮ ಹಾಜರಿ ಪುಸ್ತಕದಲ್ಲಿದೆ. ಹದಿನೆಂಟು ಕಾರನ್ನು ತೊಂಬತ್ತು ನಿಮಿಷದಲ್ಲಿ ಮುಗಿಸಬೇಕಾದವನು, ಕಾರಿಗೆ ಐದು ನಿಮಿಷ ಹಂಚಿಕೊಂಡವನು, ಕೆಸರು ನೆನೆಯಲಿ ಎಂದು ಐದು ನಿಮಿಷ ಕಾಯುವುದು ಹೇಗೆ?

ನಿಮ್ಮ ಸೆಲ್ಲಾರಿನಲ್ಲೂ ಅಂಥ ಹುಡುಗನಿದ್ದರೆ ನಾಳೆ ಬೆಳಿಗ್ಗೆ ಕೆಳಗಿಳಿದು ಹೇಳಿ: ದಿನಾ ಬೇಡ, ವಾರಕ್ಕೊಮ್ಮೆ ಸಾಕು, ಮೊದಲು ನೀರು, ಆಮೇಲೆ ಅರಿವೆ, ಎಂಟು ಅರಿವೆ ನಾನು ಕೊಡುತ್ತೇನೆ. ತಿಂಗಳ ಹಣ ಮಾತ್ರ ಮೊದಲಿನಷ್ಟೇ ಕೊಡಿ.